ಹಿಂದಿನ ಸೀಟಿನಲ್ಲಿ ಒಮ್ಮೆ ಕೂತು ಬನ್ನಿ

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನದು 2016ರ ಪೆಟ್ರೋಲ್ ಸೆಡಾನ್. 92,000 ಕಿ.ಮೀ. ಓಡಿದೆ. ಮನೆಯಲ್ಲಿ ಐದು ಜನ. ಅವ್ವನ ಸೊಂಟ ನೋವಿಗೆ ಡಾಕ್ಟರಿಗೆ ತೋರಿಸಲು ತಿಂಗಳಿಗೆ ಎರಡು ಸಲ ಬಳ್ಳಾರಿಗೆ ಬರುತ್ತೇವೆ. ಗಾಡಿ 80 ದಾಟಿದರೆ ತೇಲಿದ ಹಾಗಾಗುತ್ತದೆ. ತಿರುವಿನಲ್ಲಿ ಒಂದು ಕಡೆ ವಾಲುತ್ತದೆ. ಮೇಲೆ ಕ್ಯಾರಿಯರ್ ಇದೆ. ಗೆಳೆಯರೊಬ್ಬರು ಗಾಡಿ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸು ಅಂತಾರೆ. ಇನ್ನೊಬ್ಬರು ದಪ್ಪ ಸ್ಟೆಬಿಲೈಸರ್ ಬಾರ್ ಅಂತಾರೆ. 60,000 ರೂಪಾಯಿ ಎತ್ತಿಟ್ಟಿದ್ದೇನೆ. ಏನು ಮಾಡಿಸಲಿ?
– ಸಿಂಧನೂರಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವ್ವನ ಸೊಂಟ. ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಗಾಡಿ ಹೇಗಿದೆ ಅಂತ ಸ್ಟೇರಿಂಗ್ ಹಿಡಿದವರು ಹೇಳುವುದು ಅರ್ಧ ಮಾತು. ಉಳಿದ ಅರ್ಧ ಗೊತ್ತಿರುವುದು ಹಿಂದೆ ಕೂತವರಿಗೆ. ಮನೆಯವರು ಯಾರಾದರೂ ಗಾಡಿ ಓಡಿಸಲಿ, ನೀವು ಅವ್ವ ಕೂರುವ ಜಾಗದಲ್ಲಿ ಕೂತು ಸಿರುಗುಪ್ಪದವರೆಗೆ ಒಮ್ಮೆ ಬನ್ನಿ. ಹಣ ಖರ್ಚು ಮಾಡುವ ಮುಂಚೆ ಇದೊಂದು ಕೆಲಸ ಮಾಡಿ.

ಆ ರೋಡು ನನಗೆ ಗೊತ್ತು. ಸಿಂಧನೂರು ಬಿಟ್ಟು ದಢೇಸೂಗೂರು ಸೇತುವೆ ದಾಟಿ ಬರುವಾಗ ಎರಡೂ ಕಡೆ ಭತ್ತದ ಗದ್ದೆ, ಕೆಳಗೆ ಎರೆ ಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಾಗಾಗಿ ಅದರ ಮೇಲಿನ ಡಾಂಬರು ಬರುಬರುತ್ತಾ ಅಲೆ ಅಲೆಯಾಗುತ್ತದೆ. ಕಣ್ಣಿಗೆ ತಗ್ಗು ಕಾಣುವುದಿಲ್ಲ, ಸೊಂಟಕ್ಕೆ ಗೊತ್ತಾಗುತ್ತದೆ. ಅಂಥ ರೋಡಿನಲ್ಲಿ ಗಾಡಿ ತೇಲುತ್ತದೆ ಅಂದರೆ ಸ್ಪ್ರಿಂಗ್ ಮೆತ್ತಗಿದೆ ಅಂತ ಅರ್ಥವಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಒಮ್ಮೆ ಕುಣಿದರೆ ಕುಣಿಯುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ತೂತುಗಳಿರುವ ಪಿಸ್ಟನ್. ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಗ್ಗಬೇಕು. ಕುಣಿತದ ಶಕ್ತಿಯೆಲ್ಲ ಅಲ್ಲಿ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಸೋರಿದರೆ, ಒಳಗಿನ ವಾಲ್ವ್ ಸವೆದರೆ, ತಡೆಯುವವರೇ ಇಲ್ಲ.

ಹೋದ ಬೇಸಿಗೆಯಲ್ಲಿ ನಿಮ್ಮಂಥದ್ದೇ ಒಂದು ಬಿಳಿ ಸೆಡಾನ್ ನಮ್ಮ ಗ್ಯಾರೇಜಿಗೆ ಬಂದಿತ್ತು. ತೋರಣಗಲ್ಲು ಕಡೆ ದಿನಾ ಓಡಾಡುವ ಗಾಡಿ. ಅವರು ಲೋವರಿಂಗ್ ಸ್ಪ್ರಿಂಗನ್ನು ಡಬ್ಬಿ ಸಮೇತ ತಂದಿದ್ದರು. ನಾನು ಮುಂದಿನ ಎಡಗಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಕಂಬ) ಬಿಚ್ಚಿ, ಸ್ಪ್ರಿಂಗ್ ತೆಗೆದು, ಬರೀ ಶಾಕನ್ನು ಅವರ ಕೈಗೇ ಕೊಟ್ಟೆ. ಮೈಮೇಲೆ ಕೆಂಪು ಅದಿರಿನ ಧೂಳು ಎಣ್ಣೆಗೆ ಕಲೆತು ಅಂಟಂಟಾಗಿ ಕೂತಿತ್ತು. ರಾಡ್ ಒತ್ತಿ ಅಂದೆ. ಒಂದೇ ಕೈಯಲ್ಲಿ ಸರ್ರನೆ ಒಳಗೆ ಹೋಯಿತು. ಅರ್ಧ ದಾರಿಯಲ್ಲಿ ಏನೂ ತಡೆಯೇ ಇಲ್ಲ. ಮೇಲೆ ಎಳೆದರೂ ಅಷ್ಟೇ. ಆಮೇಲೆ ಅದೇ ಅಳತೆಯ ಹೊಸದನ್ನು ಕೊಟ್ಟೆ. ಎರಡೂ ಕೈ ಊರಿ, ಮೈಭಾರ ಬಿಟ್ಟು ಒತ್ತಿದರೆ ನಿಧಾನವಾಗಿ ಇಳಿಯಿತು. ಇಳಿಯುವಾಗ ಎಲ್ಲೂ ತಪ್ಪಲಿಲ್ಲ. ಅವರು ಡಬ್ಬಿಯನ್ನು ತಾವೇ ಡಿಕ್ಕಿಗೆ ವಾಪಸ್ ಇಟ್ಟರು.

ಅದೇ ಗಾಡಿಯಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಹಿಂದಿನ ಬುಷ್, ಅಂದರೆ ಕೀಲಿನ ರಬ್ಬರ್, ನೋಡಿದೆ. ರಬ್ಬರ್ ಸುತ್ತಲೂ ಸೀಳಿತ್ತು. ಒಂದು ರಾಡ್ ಹಾಕಿ ಮೀಟಿದರೆ ಆರ್ಮ್ ಒಂದು ಬೆರಳಿನಷ್ಟು ಹಿಂದೆ ಮುಂದೆ ಜರುಗುತ್ತಿತ್ತು. ಅಂದರೆ ಪ್ರತಿ ಬ್ರೇಕಿಗೂ ಚಕ್ರ ತಾನೇ ಒಂದು ದಿಕ್ಕು ಹಿಡಿಯುತ್ತದೆ. ಓಡಿಸುವವರು ಅದನ್ನು 'ತೇಲುತ್ತದೆ' ಅಂತಾರೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ರಬ್ಬರ್ ಬೇಗ ಒಣಗಿ ಬಿರಿಯುತ್ತದೆ. ಕಿಲೋಮೀಟರ್ ಕಮ್ಮಿ ಓಡಿದ ಗಾಡಿಯಲ್ಲೂ ಬುಷ್ ಹೋಗಿರುತ್ತದೆ. 92,000 ಓಡಿದ ನಿಮ್ಮ ಗಾಡಿಯಲ್ಲಿ ಹೋಗದೇ ಇದ್ದರೆ ಅದೇ ಆಶ್ಚರ್ಯ.

ಆದ್ದರಿಂದ ಮೊದಲು ಗಾಡಿಯನ್ನು ಅದು ಶೋರೂಮಿನಿಂದ ಬಂದ ದಿನದ ಸ್ಥಿತಿಗೆ ತನ್ನಿ. ಇದನ್ನು ಬಿಟ್ಟು ಮುಂದಿನ ಹೆಜ್ಜೆ ಇಡಬೇಡಿ. ಸವೆದ ಬುಷ್ ಮೇಲೆ ದುಬಾರಿ ಸ್ಪ್ರಿಂಗ್ ಹಾಕಿದರೆ ಹೊಡೆತ ಜಾಸ್ತಿಯಾಗುತ್ತದೆ, ಹಿಡಿತ ಬರುವುದಿಲ್ಲ.

ಮನೆಯಲ್ಲೇ ನೋಡಬಹುದಾದದ್ದು ಇಷ್ಟಿದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಟೈರ್ ಗಾಳಿ ಅಳೆಯಿರಿ. ಎಷ್ಟು ಹಾಕಬೇಕು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕರ್ ಮೇಲೆ ಇರುತ್ತದೆ. ಐದು ಜನ ಕೂತರೆ ಎಷ್ಟು ಅಂತಲೂ ಎಷ್ಟೋ ಗಾಡಿಗಳಲ್ಲಿ ಬೇರೆ ಬರೆದಿರುತ್ತದೆ. ಟೈರ್ ಬಿಸಿಯಾದ ಹಾಗೆ ಸುಮಾರು 5–6 ಡಿಗ್ರಿಗೆ 1 ಪಿಎಸ್‌ಐ ಏರುತ್ತದೆ. ಅದಕ್ಕೇ ಮಧ್ಯಾಹ್ನ ಬಂಕಿನಲ್ಲಿ ಅಳೆದ ಲೆಕ್ಕ ಲೆಕ್ಕವಲ್ಲ. ಆಮೇಲೆ ಟೈರ್ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಹೀಗೆ ಕೈಗೆ ಸಿಕ್ಕರೆ ಶಾಕ್ ಸತ್ತು ಬಹಳ ದಿನವಾಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿ ರಬ್ಬರ್ ಗಟ್ಟಿಯಾಗಿದ್ದರೆ ಟೈರ್ ಮೇಲಿನ ಗೀರಿನ ಡಿಸೈನ್ ಎಷ್ಟೇ ಉಳಿದಿರಲಿ, ಮಳೆಯಲ್ಲಿ ಅದು ಹಿಡಿಯುವುದಿಲ್ಲ. ಬಾನೆಟ್ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಗುತ್ತದೆ. ಅರ್ಧ ಸವೆದದ್ದು ಪಾಸಾಗಿಬಿಡುತ್ತದೆ. ಅದೊಂದನ್ನೇ ನಂಬಬೇಡಿ.

ಇನ್ನು ಲೋವರಿಂಗ್ ಸ್ಪ್ರಿಂಗ್. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ, ಅದಕ್ಕೆ ಕಾರಣವೂ ಇದೆ. ಇಪ್ಪತ್ತು ವರ್ಷದ ಹಿಂದೆ ನನ್ನ ಸ್ವಂತ ಗಾಡಿಯ ಸ್ಪ್ರಿಂಗನ್ನು ನಾನೇ ಒಂದು ಸುತ್ತು ಕತ್ತರಿಸಿದ್ದೆ. ಒಬ್ಬನೇ ಓಡಿಸುವಾಗ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗಿತ್ತು, ಖುಷಿಯಾಗಿತ್ತು. ಒಂದು ಮಂಗಳವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಹುಲಿಗೆಮ್ಮನ ದರ್ಶನಕ್ಕೆ ಹೊರಟೆ. ಹೊಸಪೇಟೆ ದಾಟುವುದರೊಳಗೆ ಮೂರು ಹಂಪ್ ಮೇಲೆ ತಳ ಕೆರೆಯಿತು. ಹುಲಿಗಿಯಲ್ಲಿ ಇಳಿದಾಗ ನಮ್ಮ ಅವ್ವ ಬಾಗಿಲು ಹಿಡಿದು ನಿಂತೇಬಿಟ್ಟಳು. ನಡೆಯಲಾಗಲಿಲ್ಲ. ಒಂದು ಮಾತೂ ಬೈಯಲಿಲ್ಲ. ವಾಪಸ್ ಬಂದು ಮರುದಿನವೇ ಹಳೇ ಅಳತೆಯ ಸ್ಪ್ರಿಂಗ್ ಹಾಕಿದೆ. ಆವತ್ತಿನಿಂದ ಮನೆ ಗಾಡಿಯ ಸ್ಪ್ರಿಂಗಿಗೆ ನಾನು ಕಟರ್ ಹಿಡಿದಿಲ್ಲ.

ಯಾಕೆ ಹಾಗಾಯಿತು ಅಂತ ಆಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆ. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತು ಆರು ಇದ್ದು ಒಂದು ತೆಗೆದರೆ, ಅದು ಶೇ. 20ರಷ್ಟು ಗಟ್ಟಿಯಾಗುತ್ತದೆ. ಶಾಕ್ ಮಾತ್ರ ಹಳೇ ಸ್ಪ್ರಿಂಗಿಗೆ ಹೊಂದಿಸಿದ್ದು. ಗಾಡಿ ಇಳಿದಷ್ಟೂ ಚಕ್ರ ಮೇಲೆ ಬರಲು ಜಾಗ ಕಮ್ಮಿ. ಐದು ಜನ ಕೂತರೆ ಆ ಜಾಗವೂ ಮುಗಿದು, ಗಾಡಿ ಬಂಪ್ ಸ್ಟಾಪರ್ ಅನ್ನುವ ಕೊನೆಯ ತಡೆ ರಬ್ಬರ್ ಮೇಲೆ ಕೂರುತ್ತದೆ. ಅಲ್ಲಿಂದ ಮುಂದೆ ರೋಡಿನ ಪೆಟ್ಟು ನೇರ ಬೆನ್ನಿಗೆ.

ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ನಮ್ಮ ಮನೆ ಗಾಡಿಗಳಲ್ಲಿ ಬಹುಪಾಲು ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುತ್ತದೆ. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಕಮ್ಮಿ ಜಾಗ, ಕಮ್ಮಿ ಖರ್ಚು, ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಅದರ ಲೋವರ್ ಆರ್ಮ್ ಚಕ್ರದ ಕಡೆ ಸಮವಾಗಿ ಅಥವಾ ಸ್ವಲ್ಪ ಕೆಳಗೆ ಇಳಿದಿರಬೇಕು. ಗಾಡಿ ತೀರಾ ತಗ್ಗಿಸಿದರೆ ಆರ್ಮ್ ಚಕ್ರದ ಕಡೆ ಮೇಲೇಳುತ್ತದೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ವಾಲಿಸುವ ಸನ್ನೆಕೋಲು ಉದ್ದವಾದ ಹಾಗೆ. ವಾಲಬಾರದು ಅಂತ ತಗ್ಗಿಸಿದ ಗಾಡಿ, ಗಟ್ಟಿ ಸ್ಪ್ರಿಂಗಿನ ಬಲದಿಂದಷ್ಟೇ ನಿಂತಿರುತ್ತದೆ.

ಸ್ಟೆಬಿಲೈಸರ್ ಬಾರ್ ಮಾತಿಗೆ ಬರೋಣ. ಅದು ಎಡ ಚಕ್ರ, ಬಲ ಚಕ್ರ ಎರಡನ್ನೂ ಕಟ್ಟುವ ತಿರುಚುವ ರಾಡು. ಎರಡೂ ಚಕ್ರ ಒಟ್ಟಿಗೆ ಎದ್ದರೆ ಸುಮ್ಮನಿರುತ್ತದೆ. ತಿರುವಿನಲ್ಲಿ ಒಂದೇ ಎದ್ದರೆ ತಡೆಯುತ್ತದೆ. ದಪ್ಪ ಸ್ವಲ್ಪ ಹೆಚ್ಚಾದರೂ ಬಲ ಬಹಳ ಏರುತ್ತದೆ. 20 ಮಿ.ಮೀ. ಇದ್ದದ್ದು 22 ಆದರೆ ಶೇ. 46ರಷ್ಟು ಗಟ್ಟಿ. ವಾಲುವುದು ನಿಜಕ್ಕೂ ಕಮ್ಮಿಯಾಗುತ್ತದೆ. ಆದರೆ ಮುಂದಿನ ಬಾರ್ ದಪ್ಪ ಮಾಡಿದರೆ ತಿರುವಿನಲ್ಲಿ ಹೊರಗಿನ ಮುಂದಿನ ಟೈರ್ ಮೇಲೆ ಭಾರ ಇನ್ನೂ ಏರುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಗಳು ಮೊದಲೇ ತಿರುವಿನಲ್ಲಿ ಮೂಗು ಹೊರಗೆ ಒಯ್ಯುವಂಥವು. ಅದು ಇನ್ನೂ ಜಾಸ್ತಿ ಆಗುತ್ತದೆ. ಹಿಂದೆ ಗಟ್ಟಿ ಮಾಡಿದರೆ ಮೂಗು ಒಳಗೆ ಬರುತ್ತದೆ ಸರಿ, ಮಳೆಯಲ್ಲಿ ಬಾಲ ಜಾರುತ್ತದೆ. ಜೊತೆಗೆ ಒಂದೇ ಚಕ್ರ ತಗ್ಗಿಗೆ ಬಿದ್ದಾಗ ಗಾಡಿ ಎಡಕ್ಕೆ ಬಲಕ್ಕೆ ತಲೆ ಆಡಿಸಿದ ಹಾಗೆ ಆಡುತ್ತದೆ. ಸೊಂಟ ನೋವಿದ್ದವರಿಗೆ ಇದು ಹೊಡೆತಕ್ಕಿಂತ ಕೆಟ್ಟದ್ದು. ನಿಮಗೆ ದಪ್ಪ ಬಾರ್ ಬೇಡ. ಈಗಿರುವ ಬಾರನ್ನು ಗಾಡಿಗೆ ಹಿಡಿದಿಡುವ ಡಿ ಬುಷ್, ಅದರ ತುದಿಗಳನ್ನು ಚಕ್ರದ ಕಡೆಗೆ ಸೇರಿಸುವ ಎರಡೂ ಲಿಂಕ್ ರಾಡ್ ಹೊಸದು ಹಾಕಿಸಿ. ಸವೆದ ಲಿಂಕ್ ರಾಡ್ ಇದ್ದರೆ ಬಾರ್ ಇದ್ದೂ ಇಲ್ಲದ ಹಾಗೆ.

ನಿಮ್ಮ 60,000ವನ್ನು ನಾನಾದರೆ ಹೀಗೆ ಖರ್ಚು ಮಾಡುತ್ತಿದ್ದೆ. ಟೈರ್ ಹಳೇದಾಗಿದ್ದರೆ ಮೊದಲ ಹಣ ನಾಲ್ಕು ಒಳ್ಳೆ ಟೈರಿಗೆ. ಕಂಪನಿ ಕೊಟ್ಟ ಅಳತೆಯದ್ದೇ ಇರಲಿ. ಆಮೇಲೆ ನಾಲ್ಕೂ ಶಾಕ್, ಗ್ಯಾಸ್ ತುಂಬಿದ್ದು, ನಿಮ್ಮ ಮಾಡೆಲಿಗೆ ಅಂತಲೇ ಬಂದದ್ದು. ಅಲೆ ರೋಡಿನಲ್ಲಿ ಪಿಸ್ಟನ್ ಬಿಡುವಿಲ್ಲದೆ ಓಡಿದರೆ ಎಣ್ಣೆ ನೊರೆಯಾಗುತ್ತದೆ, ನೊರೆ ಏನನ್ನೂ ತಡೆಯುವುದಿಲ್ಲ. ನೈಟ್ರೋಜನ್ ಒತ್ತಡವಿದ್ದರೆ ನೊರೆ ಕಮ್ಮಿ. ಒಂದನ್ನೇ ಬದಲಿಸುತ್ತೇವೆ ಅಂದರೆ ಒಪ್ಪಬೇಡಿ, ಯಾವಾಗಲೂ ಜೋಡಿ. ಅದರ ಜೊತೆಗೇ ಸ್ಟ್ರಟ್ಟಿನ ಮೇಲ್ತುದಿಯನ್ನು ಬಾಡಿಗೆ ಸೇರಿಸುವ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪರ್, ಡಸ್ಟ್ ಕವರ್, ಲೋವರ್ ಆರ್ಮ್ ಬುಷ್ ಹೊಸದು. ರಬ್ಬರಿನ ಬದಲು ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಕೂಡ ಬರುತ್ತದೆ. ಸ್ಟೇರಿಂಗ್ ಚುರುಕಾಗುತ್ತದೆ ನಿಜ, ಆದರೆ ನಡುಕ ಒಳಗೆ ಬರುತ್ತದೆ, ಧೂಳಿನಲ್ಲಿ ಕಿರುಗುಡುತ್ತದೆ. ನಿಮಗೆ ರಬ್ಬರೇ ಸಾಕು.

ಹಾಕುವವರಿಗೆ ಒಂದು ಮಾತು ಬಿಡದೆ ಹೇಳಿ. ಬುಷ್ ಬೋಲ್ಟ್ ಕೊನೆಯದಾಗಿ ಬಿಗಿಯುವುದು ಚಕ್ರ ನೆಲಕ್ಕೆ ಊರಿ ಗಾಡಿಯ ಭಾರ ಬಿದ್ದ ಮೇಲೆ. ಜಾಕಿ ಮೇಲೆ ಚಕ್ರ ನೇತಾಡುವಾಗ ಬಿಗಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅವಸರದಲ್ಲಿ ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೊದಲಿನದು ಮತ್ತು ಆಮೇಲಿನದು ಎರಡೂ ಪ್ರಿಂಟ್ ಕೇಳಿ ಇಟ್ಟುಕೊಳ್ಳಿ.

ಕ್ಯಾರಿಯರ್ ಇವತ್ತೇ ಬಿಚ್ಚಿಡಿ. ತಲೆ ಮೇಲಿನ ಒಂದೊಂದು ಕಿಲೋನೂ ತಿರುವಿನಲ್ಲಿ ವಾಲಿಸುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎಲ್ಲ ಆದ ಮೇಲೆ ಮತ್ತೆ ಅವ್ವನ ಜಾಗದಲ್ಲಿ ಕೂತು ಅದೇ ರೋಡಿನಲ್ಲಿ ಬನ್ನಿ. ಆಗಲೂ ಸಾಲದು ಅನಿಸಿದರೆ ಬರೆಯಿರಿ.

ಪ್ರಶ್ನೆ: ನಮ್ಮದು ಏಳು ಸೀಟಿನ ಗಾಡಿ. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗುವಾಗ 25 ಕೆ.ಜಿ.ಯ ನಾಲ್ಕು ಅಕ್ಕಿ ಮೂಟೆ ಹಿಂದೆ ಹಾಕುತ್ತೇವೆ. ಹಿಂಭಾಗ ಕೂತುಬಿಡುತ್ತದೆ, ಸ್ಟೇರಿಂಗ್ ಹಗುರ ಅನಿಸುತ್ತದೆ. ಸ್ಪ್ರಿಂಗ್ ಸುತ್ತಿನ ಮಧ್ಯೆ ಹಾಕುವ ರಬ್ಬರ್ ಬಫರ್ ಒಳ್ಳೆಯದಾ?
– ಗಂಗಾವತಿಯ ಓದುಗರು

ಉತ್ತರ: ಗಂಗಾವತಿಯ ಅಕ್ಕಿ ಬಿಟ್ಟು ಹೋಗಿ ಅಂತ ನಾನು ಹೇಳುವುದಿಲ್ಲ. ಇಡುವ ಜಾಗ ಬದಲಿಸಿ. ಹಿಂದಿನ ಚಕ್ರಕ್ಕಿಂತ ಹಿಂದೆ ಇಟ್ಟ ಭಾರ ತಕ್ಕಡಿ ಹಾಗೆ ಮುಂದಿನ ಚಕ್ರವನ್ನು ಎತ್ತುತ್ತದೆ. ನಿಮಗೆ ಸ್ಟೇರಿಂಗ್ ಹಗುರ ಅನಿಸುವುದು ಅದಕ್ಕೇ. ಮೂಟೆಗಳನ್ನು ಮಧ್ಯದ ಸೀಟಿನ ಕಾಲ ಬಳಿ ಮಲಗಿಸಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಟೈರಿಗೆ ಫುಲ್ ಲೋಡ್ ಗಾಳಿ ಹಾಕಿ. ರಾತ್ರಿ ಓಡಿಸುವುದಾದರೆ ಹೆಡ್‌ಲೈಟ್ ಇಳಿಸುವ ಗುಂಡಿ ಇದ್ದರೆ ತಿರುಗಿಸಿ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಬಫರ್ ಹಾಕಿದರೆ ಅದರ ಮೇಲಿನ, ಕೆಳಗಿನ ಎರಡು ಸುತ್ತು ಒಂದಕ್ಕೊಂದು ಹತ್ತಿರ ಬರುವುದು ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ಸ್ಪ್ರಿಂಗಿನಿಂದ ಒಂದು ಸುತ್ತು ಕಿತ್ತ ಹಾಗೆ ಗಟ್ಟಿಯಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಮೂಟೆ ಹೊರಲು ಉಳಿದ ದಿನವೆಲ್ಲ ಹಿಂದಿನ ಸೀಟಿನವರು ಎಗರಬೇಕಾ? ಅದಕ್ಕಿಂತ ಸಮತಟ್ಟು ಜಾಗದಲ್ಲಿ ಗಾಡಿ ಖಾಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿದು ಅಳೆಯಿರಿ. ಎರಡರಲ್ಲಿ ವ್ಯತ್ಯಾಸ ಇದ್ದರೆ ಅಥವಾ ಅದೇ ಮಾಡೆಲಿನ ಹೊಸ ಗಾಡಿಗಿಂತ ಕೆಳಗಿದ್ದರೆ ಸ್ಪ್ರಿಂಗ್ ಸೋತಿದೆ. ಕಂಪನಿ ಸ್ಪ್ರಿಂಗ್ ಜೋಡಿ ಹಾಕಿಸಿ.

ಪ್ರಶ್ನೆ: ಅಗಲ ಟೈರ್ ಹಾಕಿದರೆ ಹ್ಯಾಂಡ್ಲಿಂಗ್ ಸುಧಾರಿಸುತ್ತದಾ? ಈಗ 185/65 ಆರ್ 15 ಇದೆ.
– ಬಳ್ಳಾರಿ ಕೌಲ್‌ಬಜಾರಿನ ಓದುಗರು

ಉತ್ತರ: ಒಂದು ಹೆಜ್ಜೆ ಹೋಗಬಹುದು. 185/65 ಆರ್ 15 ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಹಾಗಾಗಿ ನಿಮ್ಮ ಟೈರಿನ ಪೂರ್ತಿ ಎತ್ತರ 621 ಮಿ.ಮೀ. ಚಿಲ್ಲರೆ. 195/60 ಆರ್ 15 ಹಾಕಿದರೆ 615. ಶೇ. 1ರಷ್ಟೇ ವ್ಯತ್ಯಾಸ. ಗೋಡೆ ಗಿಡ್ಡವಾಗುವುದರಿಂದ ಸ್ಟೇರಿಂಗ್ ಸ್ವಲ್ಪ ಚುರುಕು. 205/65 ಹಾಕಿದರೆ 647ಕ್ಕೆ ಹೋಗುತ್ತದೆ, ಶೇ. 4 ದಾಟುತ್ತದೆ. ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ, ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜಬಹುದು. ಶೇ. 3 ದಾಟಬೇಡಿ. ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುವ, ಪಕ್ಕದಲ್ಲಿ ಬರೆದ ಲೋಡ್ ಅಂಕಿ ಈಗಿರುವುದಕ್ಕಿಂತ ಕಮ್ಮಿ ಇರಬಾರದು. ಅಗಲವಾದಷ್ಟೂ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಅನ್ನುವುದೂ ನೆನಪಿರಲಿ.

ಪ್ರಶ್ನೆ: ಗಾಡಿ ತಗ್ಗಿಸಿದರೆ ಆರ್‌ಟಿಒ ತೊಂದರೆ ಇದೆಯಾ?
– ರಾಯಚೂರಿನ ಓದುಗರು

ಉತ್ತರ: ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟದ್ದಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಹಳೇ ಶಾಕ್ ತೆಗೆದು ಅದೇ ಅಳತೆಯದ್ದು ಹಾಕುವುದು ರಿಪೇರಿ, ಅದಕ್ಕೆ ಹೆದರಬೇಡಿ. ಬೇರೆ ಏನೇ ಮಾಡಿಸುವುದಿದ್ದರೂ ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿ.

ಪ್ರಶ್ನೆ: ಮುಂದಿನ ಶಾಕ್ ಎರಡೂ ಹೊಸದು ಹಾಕಿಸಿ 15 ದಿನ ಆಯ್ತು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ 'ಟೊಂಯ್' ಅಂತ ಸದ್ದು. ಶಾಕ್ ಡೂಪ್ಲಿಕೇಟ್ ಇರಬಹುದಾ?
– ಸಿರುಗುಪ್ಪದ ಓದುಗರು

ಉತ್ತರ: ಶಾಕ್ ಮೇಲೆ ಅನುಮಾನ ಬೇಡ. ಮೇಲಿನ ಮೌಂಟ್ ಬೇರಿಂಗ್ ಹಳೇದನ್ನೇ ಮತ್ತೆ ಹಾಕಿರುತ್ತಾರೆ. ಚಕ್ರ ತಿರುಗಿದಾಗ ಸ್ಪ್ರಿಂಗ್ ಆ ಬೇರಿಂಗ್ ಮೇಲೆ ನುಣ್ಣಗೆ ತಿರುಗಬೇಕು. ಬೇರಿಂಗ್ ಧೂಳು ತಿಂದು ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಂಡು, ತಾಳಲಾರದೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಆ ಸದ್ದು ಅದೇ. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ.

ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಇಟ್ಟು, ಒಬ್ಬರು ಒಳಗೆ ಕೂತು ನಿಧಾನವಾಗಿ ತಿರುಗಿಸಲಿ. ನೀವು ಚಕ್ರದ ಕಮಾನಿನೊಳಗೆ ಕೈ ಹಾಕಿ ಸ್ಪ್ರಿಂಗಿನ ಹೊರಮೈ ಮೇಲೆ ಅಂಗೈ ಇಡಿ. ಸುತ್ತುಗಳ ನಡುವೆ ಬೆರಳು ತೂರಿಸಬೇಡಿ. ಒಳ್ಳೆ ಬೇರಿಂಗ್ ಇದ್ದರೆ ಸ್ಪ್ರಿಂಗ್ ಸಮವಾಗಿ ಸರಿಯುತ್ತದೆ. ಕೆಟ್ಟಿದ್ದರೆ ತಡೆದು, ತಡೆದು, ಝಟ್ ಅಂತ ಎಗರುವುದು ಅಂಗೈಗೇ ತಿಳಿಯುತ್ತದೆ.

ಗೊತ್ತಾಯಿತು ಅಂತ ಮನೆಯಲ್ಲಿ ಮೇಲಿನ ನಡು ನಟ್ ಬಿಚ್ಚಲು ಹೋಗಬೇಡಿ, ಕೈ ಮುಗಿದು ಕೇಳುತ್ತೇನೆ. ಸ್ಪ್ರಿಂಗ್ ಅಮುಕಿ ಹಿಡಿಯುವ ಕಂಪ್ರೆಸರ್ ಕಟ್ಟದೆ ಆ ನಟ್ ತೆಗೆದರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಬರುತ್ತದೆ. ಹಾಕಿಸಿದ ಗ್ಯಾರೇಜಿಗೇ ಹೋಗಿ, ಮೌಂಟ್ ಹೊಸದಾ ಹಳೇದಾ ಅಂತ ಕೇಳಿ. ಹಳೇದು ಅಂದರೆ ಎರಡೂ ಕಡೆ ಹೊಸದು ಹಾಕಿಸಿ, ಮತ್ತೆ ಅಲೈನ್‌ಮೆಂಟ್ ನೋಡಿಸಿ.